ಚಂದ್ರಿಕೆಯ ಮೇಲೆ ಎರಡು ಬೆರಳು

ಕನ್ನಡಕಕ್ಕೆ ಬಿಳಿ ನೂಲು ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದ ಹೆಂಗಸೊಬ್ಬರು ನಮ್ಮ ರೇಷ್ಮೆ ಹುಳುಮನೆಯ ಸಗಣಿ ನೆಲದ ಮೇಲೆ ಬೋರಲು ಮಲಗಿದ್ದರು. ಪಕ್ಕದಲ್ಲಿ ಅದೇ ಥರ ಬೋರಲು ಮಲಗಿದ್ದ ನನ್ನ ಮಗ. ಸೊಪ್ಪಿನ ಹೊರೆ ಇಳಿಸಲು ಬಂದ ನಾನು ಹಾಗೇ ನಿಂತುಬಿಟ್ಟೆ. ಬೆಂಗಳೂರಿನಲ್ಲಿ ಮೆದುಳಿನ ಮೇಲೆ ಸಂಶೋಧನೆ ಮಾಡುವ ಡಾಕ್ಟರಮ್ಮ ಬರುತ್ತಾರೆಂದು ಊರಿನ ನರ್ಸಮ್ಮ ಹೇಳಿದ್ದಳು. ಬಂದವರು ಹೀಗೆ ಮಲಗುತ್ತಾರೆಂದು ಹೇಳಿರಲಿಲ್ಲ!

ಎಂಬತ್ತರ ದಶಕದ ಶುರುವಿನ ಮಾತು. ನಮ್ಮದು ರಾಯಲ್ಪಾಡಿನ ಹತ್ತಿರದ ಹಳ್ಳಿ. ಮಗನಿಗೆ ಆರು ವರ್ಷವಾದರೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಹುಳು ಗೂಡು ಕಟ್ಟುವ ಚಂದ್ರಿಕೆಯೆಂದರೆ ಮಾತ್ರ ಪ್ರಾಣ. ಅದರಲ್ಲಿ ಬಿದಿರಿನ ಪಟ್ಟಿ ಹೊರಗಿನಿಂದ ನಡುವಿನವರೆಗೆ ಸುತ್ತಿಕೊಂಡು ಹೋಗುತ್ತದಲ್ಲ, ಆ ಸಂದಿಯಲ್ಲಿ ಬೆರಳು ಓಡಿಸುತ್ತಾ ಊಟವನ್ನೂ ಮರೆಯುತ್ತಿದ್ದ. ಪೇಟೆಯ ಡಾಕ್ಟರೊಬ್ಬರು, "ತಾಯಿ ಎತ್ತಿ ಮುದ್ದಾಡದಿದ್ದರೆ ಮಕ್ಕಳು ಹೀಗಾಗುತ್ತವೆ" ಎಂದು ನನ್ನ ಗಂಡನ ಎದುರೇ ಹೇಳಿದ್ದರು. ಆಗಿನ ಪುಸ್ತಕಗಳಲ್ಲೂ ಹಾಗೇ ಇತ್ತಂತೆ. ಅವತ್ತಿನಿಂದ ನಾನು ಯಾರ ಮುಂದೆಯೂ ತಲೆ ಎತ್ತುತ್ತಿರಲಿಲ್ಲ.

ತೆಲುಗು ಮನೆಮಾತಿನ ಅತ್ತೆಯ ವಾದ ಬೇರೆ. "ಇದಿ ದಯ್ಯಮೇ, ದೆವ್ವಾನೇ ಇದು. ಶುಕ್ರವಾರ ಬರೆ ಹಾಕಿಸಿದ್ರೆ ಬಿಟ್ಟು ಹೋಗ್ತದೆ." ಅವರಿಗೂ ಒಂದು ಚಾಳಿಯಿತ್ತು. ಕೊಟ್ಟಿಗೆಯ ಅಗಳಿ ಹಾಕಿ ಬಂದವರು ಮತ್ತೆ ಹೋಗಿ ಮುಟ್ಟಿ ನೋಡಬೇಕು, ಬಂದು ಕೂತು ಮತ್ತೆ ಏಳಬೇಕು. ಅಜ್ಜಿ, ಮೊಮ್ಮಗ ಇಬ್ಬರನ್ನೂ ಒಂದೇ ದೆವ್ವ ಹಿಡಿದಿದೆ ಎಂದು ಊರವರು ನಗುತ್ತಿದ್ದರು.

ನನ್ನ ಬಾಯಲ್ಲಿ ಈ ಸುದ್ದಿ ಕೇಳಿದ್ದೇ ತಡ, ಡಾಕ್ಟರಮ್ಮ ಎದ್ದು ಕೂತರು. "ಒಂದೇ ಮನೇಲಿ ಇಬ್ಬರೂ ಇದಾರಾ!" ಕೊಟ್ಟ ನೀರನ್ನೂ ಕುಡಿಯದೆ ಅತ್ತೆಯ ಹಿಂದೆ ಕೊಟ್ಟಿಗೆಗೆ ಓಡಿದರು. ಓಡುತ್ತಲೇ ವಾಪಸ್ಸು ಬಂದು ನನ್ನ ಕೈ ಹಿಡಿದೆಳೆದರು.

"ಕೈ ನೋಡಬೇಡ ಕಣೇ, ಮುಖ ನೋಡು. ನಿಮ್ಮತ್ತೆ ಭಯಕ್ಕೆ ಹೋಗ್ತಾರೆ, ಬೆವರ್ತಾರೆ. ಅದು ಗೀಳು, ಔಷಧಿ ಕೊಡೋಣ. ಇವನು ಖುಷಿಗೆ ಮಾಡ್ತಾನೆ! ಇದು ಆಟಿಸಂ. ಎರಡೂ ಮೆದುಳಿನದೇ, ಆದ್ರೆ ಎರಡೂ ಒಂದಲ್ಲ."

"ನಾನು ಎತ್ಕೊಳ್ಳಲಿಲ್ಲ ಅಂತ ಅಲ್ವಾ ಅಮ್ಮಾ?"

"ಯಾವನೇ ಹಂಗಂದಿದ್ದು?" ಎಂದು ಕೂಗಿದ ರಭಸಕ್ಕೆ ಕನ್ನಡಕ ಜಾರಿತು. "ಅವನು ಹುಟ್ಟಿದ್ದೇ ಹಿಂಗೆ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ."

ನಾನು ಗೋಡೆಗೆ ಒರಗಿ ಗೊಳೋ ಎಂದು ಅತ್ತುಬಿಟ್ಟೆ. ಅವರು ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ, ಮತ್ತೆ ಬೋರಲು ಮಲಗಿದರು. ಮಗ ಚಂದ್ರಿಕೆಯ ಹೊರಗಿನಿಂದ ಒಳಕ್ಕೆ ಬೆರಳು ಓಡಿಸುತ್ತಿದ್ದರೆ ಅವರು ನಡುವಿನಿಂದ ಹೊರಕ್ಕೆ ಹೊರಟರು. ಎರಡು ಬೆರಳೂ ಸುತ್ತಿ ಸುತ್ತಿ ಬಂದು ಢಿಕ್ಕಿ ಹೊಡೆದವು. ಮಗ ತಲೆ ಎತ್ತಿದ. ಅವರ ಮುಖ ನೋಡಿದ. ಕಿಲಕಿಲ ನಕ್ಕು ಅವರ ಬೆರಳನ್ನು ಎತ್ತಿ ಮತ್ತೆ ನಡುವಿಗೆ ಇಟ್ಟ!

"ಬಾರೇ, ಈಗ ನೀನು" ಎಂದು ನನಗೆ ಜಾಗ ಬಿಟ್ಟರು. ನಾನೂ ಬೋರಲು ಮಲಗಿ ನಡುವಿನಲ್ಲಿ ಬೆರಳಿಟ್ಟೆ. ಅವತ್ತು ನನ್ನ ಮಗ ನನ್ನ ಮುಖವನ್ನು ನೋಡಿದ, ಹುಟ್ಟಿದ ಮೇಲೆ ಮೊದಲ ಸಲ.

"ನವ್ವುತಾ ಉಂಡಾಡೇ... ನಗ್ತಾ ಇದಾನಲ್ಲೇ..." ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು. ನನ್ನ ಗಂಡ, "ಶುಕ್ರವಾರ ಎಲ್ಲೂ ಹೋಗೋದು ಬೇಡಮ್ಮ" ಎಂದರು. ಬರೆ ಹಾಕಿಸುವ ಮಾತು ಅಲ್ಲಿಗೆ ಮುಗಿಯಿತು.

ಗೀಳು ಮೆದುಳಿನಲ್ಲಿ ಎಲ್ಲಿ ಶುರುವಾಗುತ್ತದೆ, ಈ ಖುಷಿ ಎಲ್ಲಿ ಶುರುವಾಗುತ್ತದೆ ಎನ್ನುವುದೇ ಅವರ ಜೀವಮಾನದ ಹುಡುಕಾಟ. ಭಾನುವಾರ ಬಂತೆಂದರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಇಂಥ ಮಕ್ಕಳಿರುವ ಮನೆ ಹುಡುಕಿಕೊಂಡು ಕೆಂಪು ಬಸ್ಸು ಹತ್ತುತ್ತಿದ್ದರು. ನಮ್ಮ ಜಗಲಿಯಲ್ಲಿ ಮಾವಿನಹಣ್ಣು ಚೀಪುತ್ತಾ, "ನಮ್ಮ ಲ್ಯಾಬಿನ ಇಲಿಗಳೂ ಮುಖ ಉಜ್ಜೋಕೆ ಶುರು ಮಾಡಿದ್ರೆ ನಿಲ್ಲಿಸಲ್ಲ ಕಣೇ!" ಎಂದು ಮೊಣಕೈವರೆಗೆ ರಸ ಸುರಿಸಿಕೊಂಡು ವಿವರಿಸುತ್ತಿದ್ದರು. ದೊಡ್ಡ ಡಾಕ್ಟರುಗಳು ಅವರನ್ನು ಗೇಲಿ ಮಾಡುತ್ತಿದ್ದರಂತೆ. "ನಗಲಿ ಬಿಡು. ನಕ್ಕು ಸುಸ್ತಾದ ಮೇಲೆ ಓದ್ತಾರೆ." ಹಾಗೇ ಆಯಿತು. ಔಷಧಿಯಿಂದ ಅತ್ತೆಯ ಬೆವರೂ ನಿಂತಿತು. ಮಗನಿಗೆ ಮಾತು ಹೆಚ್ಚು ಬರಲಿಲ್ಲ, ಆದರೆ ಬೇಕಾದ್ದನ್ನು ನನ್ನ ಮುಖ ನೋಡಿ ಕೇಳುವುದನ್ನು ಕಲಿತ.

ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಸಂತಾಪ ಸಭೆ ನಡೆಯಿತು. ದೊಡ್ಡವರೆಲ್ಲ ಇಂಗ್ಲಿಷಿನಲ್ಲಿ ಅವರ ಸಂಶೋಧನೆಯನ್ನು ಕೊಂಡಾಡಿದರು. ಕೊನೆಗೆ ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. ನನಗೆ ಬಂದದ್ದು ಒಂದೇ ಮಾತು: "ನಿನ್ನ ತಪ್ಪಲ್ಲ ಅಂತ ನನಗೆ ಹೇಳಿದ ಮೊದಲನೆಯವರು ಇವರು."

ಹಿಂದಿನ ಸಾಲಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಎದ್ದು ನಿಂತಳು. "ನನಗೂ ಅಕ್ಕಾ" ಎಂದಳು. ಅವಳ ಪಕ್ಕದವಳೂ ಎದ್ದಳು. ನೋಡುತ್ತಿದ್ದಂತೆ ಆ ಸಾಲಿಗೆ ಸಾಲೇ ಎದ್ದು ನಿಂತಿತು.