ಕೆರೆಗೆ ಬಿಡದ ಹರಕೆ

ಡಬ್ಬಿ ಮುಚ್ಚಳ ತೆಗೆದಿದ್ದೇ ತಡ, ನನ್ನ ನಾದಿನಿ ಜಯಮ್ಮ ಹಿಂದಕ್ಕೆ ಹಾರಿದಳು.

"ಅಯ್ಯಯ್ಯೋ, ಇದೇನೇ ಇದು, ಚೇಳು ಹಿಡ್ಕೊಂಡ್ ಬಂದಿದೀಯಾ?"

ಚೇಳಲ್ಲ ಕಣ್ರೀ. ನನ್ನ ಹರಕೆ.

ಮೊದಲಿಂದ ಹೇಳ್ತೀನಿ. ನಾನು ಅಜ್ಜಿ ಆಗಿದೀನಿ. (ಗೊತ್ತು, ವಾರ ವಾರಾನೂ ಈ ಅಂಕಣದಲ್ಲಿ ಇದನ್ನೇ ಬರೀತಿದೀನಿ. ಇನ್ನೂ ಬರೀತೀನಿ, ಓದಿ.) ಮಗಳು ಸುಜಾತಾಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಣ್ಣು ಮಗು. ಬಾಣಂತನ ಗುಬ್ಬೀಲಿ, ನಮ್ಮನೇಲೇ. ಮಗು ಆಕಳಿಸಿದರೂ ನಾನು ಬೀದಿಗೆಲ್ಲ ಹೇಳಿ ಬರ್ತೀನಿ. ತಪ್ಪಾ?

ನಮ್ಮ ಮನೆದೇವರು ಇರೋದು ಕುಣಿಗಲ್ ಹತ್ರ, ನಮ್ಮೆಜಮಾನರ ಊರಿನ ಕೆರೆ ಏರಿ ಮೇಲೆ. ಜಯಮ್ಮನ ಮನೆಯೂ ಅಲ್ಲೇ, ಏರಿ ಇಳಿದರೆ ಮೊದಲನೇದು. ಅವಳಿಗೂ ಒಬ್ಬ ಪುಟ್ಟ ಮೊಮ್ಮಗ. ಮಕ್ಕಳಾಗದೋರು ಆ ದೇವಿಗೆ "ಮಗು ಆದ್ರೆ ನಿನ್ನ ಕೆರೆಗೆ ಜೀವ ಇರೋ ಮೀನು ಬಿಡ್ತೀವಿ" ಅಂತ ಹರಕೆ ಹೊತ್ಕೋತಾರೆ. ನಾನೂ ಹೊತ್ಕೊಂಡಿದ್ದೆ.

ಎಲ್ಲರೂ ಬೆರಳುದ್ದದ ಮೀನು ಬಿಡ್ತಾರೆ. ನನ್ನ ಮೊಮ್ಮಗಳಿಗೆ ಬೆರಳುದ್ದದ ಮೀನಾ? ತುಮಕೂರಿನ ಅಕ್ವೇರಿಯಂ ಅಂಗಡಿಗೆ ಹೋದೆ. ಅಲ್ಲಿ ಒಂದು, ನೀಲಿ ಬಣ್ಣದ್ದು, ಇಕ್ಕಳದಂಥ ಎರಡು ಕೊಂಡಿ ಎತ್ಕೊಂಡು ಪೈಲ್ವಾನನ ಥರ ನಿಂತಿತ್ತು. "ಫಾರಿನ್ ಸೀಗಡಿ ಅಮ್ಮಾ" ಅಂದ ಅಂಗಡಿಯವನು. ಇದನ್ನೇ ಕೊಡಪ್ಪ ಅಂದೆ. ಮಗಳಿಗೆ ಸರ್‌ಪ್ರೈಸ್ ಆಗ್ಲಿ ಅಂತ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಅವಳನ್ನೂ ಮಗೂನೂ ಕರ್ಕೊಂಡು, ಕಾರಲ್ಲಿ ಕಾಲ ಹತ್ರ ಇಟ್ಕೊಂಡು ಕೆರೆ ಏರಿಗೆ ಹೋದೆ.

ಸರ್‌ಪ್ರೈಸ್ ಆಯ್ತು.

ಸುಜಾತಾ ತುಮಕೂರಿನ ಕಾಲೇಜಲ್ಲಿ ಬಯಾಲಜಿ ಹೇಳ್ಕೊಡ್ತಾಳೆ. ಮಗೂನ ಹೆಗಲಿಗೆ ಹಾಕ್ಕೊಂಡೇ ಡಬ್ಬಿಗೆ ಬಗ್ಗಿ ನೋಡಿದಳು. "ಅಮ್ಮಾ, ಇದನ್ನ ನೀರಿಗೆ ಬಿಡಬೇಡ."

"ಯಾಕೆ?"

ನಾಲ್ಕನೇ ಕ್ಲಾಸು ಓದಿದ ನನಗೆ ಅರ್ಥ ಆಗೋ ಹಾಗೆ ಹೇಳಿದಳು. ಚೀನಾದ ಕಡೆ ಒಂದು ಏಡಿ ಇದೆಯಂತೆ. ಉಲ್ಲನ್ ಗ್ಲೌಸ್ ಹಾಕ್ಕೊಂಡಂಗೆ ಕೊಂಡಿ ಮೇಲೆಲ್ಲ ಕೂದಲು. ಹಡಗುಗಳು ಅಲುಗಾಡಬಾರದು ಅಂತ ಹೊಟ್ಟೆಗೆ ನೀರು ತುಂಬಿಸ್ಕೋತಾವಲ್ಲ, ಆ ನೀರಲ್ಲಿ ಇದರ ಮರಿಗಳು ಟಿಕೆಟ್ ಇಲ್ಲದೆ ಹತ್ತಿ ಯೂರೋಪಿಗೆ ಹೋಗಿ ಇಳಿದ್ವಂತೆ. ಅಲ್ಲಿನ ಹೊಳೆಗಳಿಗೆ ನುಗ್ಗಿ, ಬೆಸ್ತರ ಬಲೆ ಹರಿದು, ದಡದ ತುಂಬ ಬಿಲ ಕೊರೆದ್ವಂತೆ. ಮಣ್ಣಿನ ದಡ ಎಷ್ಟು ದಿನ ತಡೆಯುತ್ತೆ? ಕುಸೀತು.

"ಇದೂ ಅದರ ದಾಯಾದೀನೇ ಅಮ್ಮಾ. ಇವುಗಳಲ್ಲೂ ಬಿಲ ಕೊರೆಯೋ ಜಾತಿ ಇದಾವೆ. ನಾವು ಎಲ್ಲಿ ನಿಂತಿದೀವಿ ನೋಡು."

ನೋಡಿದೆ. ಮಣ್ಣಿನ ಏರಿ. ಈ ಕಡೆ ತುಂಬಿದ ಕೆರೆ. ಆ ಕಡೆ ಊರು.

"ಒಂದೇ ಒಂದು ಕಣೇ. ಒಂಟಿ ಪ್ರಾಣಿ ಏನು ಮಾಡೀತು?"

"ಇಂಥವುಗಳಲ್ಲೇ ಒಂದು ಜಾತಿಗೆ ಗಂಡೇ ಬೇಡಮ್ಮಾ. ಒಂಟಿ ಹೆಣ್ಣೇ ಮರಿ ಮೇಲೆ ಮರಿ ಮಾಡುತ್ತೆ."

"ಪುಣ್ಯವಂತೆ ಬುಡು" ಅಂದಳು ಜಯಮ್ಮ. (ಅವಳ ಗಂಡನ ಕಥೆ ಇಲ್ಲಿ ಬೇಡ.)

ಅಲ್ಲಿಗೆ ಹಡಗು ಹೊತ್ಕೊಂಡ್ ಹೋಗಿದ್ದನ್ನ ಇಲ್ಲಿಗೆ ನಾನು ಡಬ್ಬೀಲಿ ಹೊತ್ಕೊಂಡ್ ಬಂದಿದ್ದೆ. ಸೀರೆ ಉಟ್ಟ ಹಡಗು. ಮುಚ್ಚಳ ಹಾಕಿದೆ.

ಜಯಮ್ಮನ ನಗು ನಿಂತುಹೋಯ್ತು. "ಏನ್ಲೇ, ವಾಪಸ್ ತಗೊಂಡ್ ಹೋಗ್ತೀಯಾ? ದೇವಿ ಮುಂದಕ್ಕೆ ತಂದಿದ್ದನ್ನ? ನಾಳೆ ಮಗೂಗೆ ಏನಾದ್ರೂ ಆದ್ರೆ?"

ನನಗೆ ಏನಾದ್ರೂ ಆಗುತ್ತೆ ಅಂದಿದ್ರೆ ನಕ್ಕು ಬಿಡ್ತಿದ್ದೆ. ಮಗು ಅಂದುಬಿಟ್ಟಳಲ್ಲ. ಆದರೂ ಮುಚ್ಚಳದ ಮೇಲಿಂದ ಕೈ ತೆಗೀಲಿಲ್ಲ. ಬಂದ ದಾರೀಲೇ ವಾಪಸ್ ಬಂದ್ವಿ.

ಮಾರನೇ ದಿನ ಮಗೂಗೆ ಇಂಜೆಕ್ಷನ್. ಸಂಜೆಗೆ ಮೈ ಕಾದ ಹೆಂಚು. ಜ್ವರ ಬರುತ್ತೆ, ಹೆದರಬೇಡಿ ಅಂತ ನರ್ಸಮ್ಮ ಮೊದಲೇ ಹೇಳಿದ್ದರು. ಆದರೆ ನರ್ಸಮ್ಮನ ಮಾತು ಕಿವೀಲಿ ನಿಲ್ಲಬೇಕಲ್ಲ? ಅಷ್ಟೊತ್ತಿಗೆ ಜಯಮ್ಮನ ಫೋನು. ಮಗೂಗೆ ಜ್ವರ ಅಂದೆ.

"ನಾನ್ ಹೇಳ್ಲಿಲ್ವಾ? ಇನ್ನೂ ಬಸ್ ಐತೆ. ತಂದು ಬುಟ್‌ಬುಡು."

ಸುಳ್ಳು ಯಾಕೆ ಹೇಳ್ಲಿ, ಡಬ್ಬಿ ಕೈಗೆ ತಗೊಂಡೆ. ಚಪ್ಪಲಿ ಮೆಟ್ಟಿದೆ. ಹೊಸಲು ದಾಟಿದೆ. ಒಳಗೆ ಮಗು ಅತ್ತಿತು. ತೊಟ್ಟಿಲು ಕಿರ್ ಅಂತು.

ತೊಟ್ಟಿಲು. ಅಲ್ಲಾ, ಆ ಏರಿ ಕೆಳಗೆ ತೊಟ್ಟಿಲು ಇಲ್ವಾ? ನನ್ನ ಮಗೂಗೆ ಒಳ್ಳೇದಾಗ್ಲಿ ಅಂತ ಊರ ಮಕ್ಕಳ ತಲೆ ಮೇಲಿನ ಏರಿಗೆ ಬಿಲ ಕೊರೆಯೋರನ್ನ ಬಿಟ್ಟು ಬರ್ಲಾ? ಅಂಥ ಹರಕೆ ಕೇಳೋ ದೇವಿ ಅಲ್ಲ ನಮ್ಮದು. ಕೇಳಿದರೂ ನಾನು ಕೊಡಲ್ಲ. ಬೇಕಾದ್ರೆ ನನ್ನನ್ನ ಕೇಳಲಿ, ಉತ್ತರ ನಾನು ಹೇಳ್ಕೋತೀನಿ.

ಚಪ್ಪಲಿ ಬಿಟ್ಟು ಒಳಗೆ ಬಂದೆ. ಮಗೂನ ಎತ್ಕೊಂಡೆ. ಬೆಳಿಗ್ಗೆ ಜ್ವರ ಇಳಿದಿತ್ತು. ನನ್ನ ಮೂಗು ಹಿಡ್ಕೊಂಡು ನಗ್ತಿದ್ದಳು, ನನ್ನ ಬಂಗಾರ.

ನೀಲಿ ಪೈಲ್ವಾನ್ ಈಗ ನಮ್ಮ ನಡುಮನೇಲಿ ಗಾಜಿನ ತೊಟ್ಟೀಲಿ ಇದಾನೆ. ಮುಚ್ಚಳದ ಮೇಲೆ ರುಬ್ಬುಗುಂಡು ಇಟ್ಟಿದೀನಿ. ಸಾಯೋವರೆಗೂ ಅಲ್ಲೇ. ಅನ್ನ ಹಾಕ್ತೀನಿ, ಆಟ ನೋಡ್ತೀನಿ. ಕೆರೆ ಮಾತ್ರ ಕೇಳಬಾರದು.

ನಿನ್ನೆ ಮತ್ತೆ ಜಯಮ್ಮನ ಫೋನು. ಹರಕೆ ಯಾವಾಗ ತೀರಿಸ್ತೀಯಾ ಅಂತ.

"ತರ್ತೀನಿ ಬುಡೇ" ಅಂದೆ. "ಮೊದಲು ನಿನ್ನ ಮೊಮ್ಮಗನ ತೊಟ್ಟಿಲು ಆ ಏರಿ ಕೆಳಗಿಂದ ಎತ್ತಿಡು."