ಕಿಟಕಿಯ ಕಡೆ ಮುಖ ಮಾಡಿ

ಕಳೆದ ತಿಂಗಳು ನನಗೆ ಜ್ವರ ಬಂದು ಬಿಡಲೇ ಇಲ್ಲ. ಇಂಜೆಕ್ಷನ್ ಕೊಡಲು ನರ್ಸ್ ಮನೆಗೇ ಬರುತ್ತಿದ್ದಳು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವಳು ನನ್ನ ತೋಳು ಒರೆಸಿದ ಕೂಡಲೆ ಆ ವಾಸನೆ ಮೂಗಿಗೆ ಏರಿತು. ಜ್ವರದ ಮಂಪರಿನಲ್ಲಿ ಕಣ್ಣ ಮುಂದೆ ಬಂದದ್ದು ಆಸ್ಪತ್ರೆಯಲ್ಲ. ಮುಂಬಯಿಯ ವಿಕ್ರೋಳಿಯಲ್ಲಿದ್ದ ನಮ್ಮ ಕನ್ನಡ ಶಾಲೆಯ ಪ್ರಯೋಗಾಲಯ, ಕಿಟಕಿಯ ಪಕ್ಕದ ಮೇಜು, ಮೇಜಿನ ಮೇಲೆ ಉರಿಯುವ ಸ್ಪಿರಿಟ್ ದೀಪ, ಅದರ ಹಿಂದೆ ನಿಂತ ವಿಜ್ಞಾನದ ಮೇಷ್ಟ್ರು...

ಎಂಬತ್ತರ ದಶಕದಲ್ಲಿ ನಾನು ಆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ, ಸೂಪರ್‌ವೈಸರ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೆ. ಮೈಸೂರಿನಲ್ಲಿ ಗಡಿಯಾರ ನೋಡಿ ಉಣ್ಣುವ, ಗಡಿಯಾರ ನೋಡಿ ಮಲಗುವ ಮನೆಯಲ್ಲಿ ಬೆಳೆದವಳು ನಾನು. ವೇಳಾಪಟ್ಟಿ ಬರೆಯುವುದು, ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ಸುತ್ತುವುದು, ಯಾವ ತರಗತಿಯಲ್ಲಿ ಗದ್ದಲವಿದೆ ಎಂದು ಗುರುತು ಹಾಕುವುದು ನನಗೆ ಒಗ್ಗಿದ ಕೆಲಸ. ಮೇಷ್ಟ್ರು ಉಡುಪಿಯ ಕಡೆಯವರು. ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಹಾಗೆಯೇ ಪದವಿಯವರೆಗೆ ಹೋದವರು. ದಹಿಸರ್‌ನಿಂದ ಎರಡು ಲೋಕಲ್ ರೈಲು ಬದಲಾಯಿಸಿ ಬಂದರೂ ಬೆಳಗಿನ ಪ್ರಾರ್ಥನೆ ತಪ್ಪಿಸಿದವರಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಲು ಅಷ್ಟೇ ಸಾಕಾಗಿತ್ತು.

ಅವರ ತರಗತಿಯಲ್ಲಿ ಒಂದು ಕಟ್ಟಳೆ ಇತ್ತು. ಪ್ರಶ್ನೆ ಕೇಳುವವರು ಕುಳಿತಲ್ಲಿಂದ ಕೇಳುವಂತಿಲ್ಲ. ಎದ್ದು ಮುಂದೆ ಬಂದು, ಕಿಟಕಿಯ ಕಡೆ ಮುಖ ಮಾಡಿ ನಿಂತು, ನಿಧಾನವಾಗಿ ಕೇಳಬೇಕು. ಉತ್ತರ ಹೇಳುವವರಿಗೂ ಅದೇ ನಿಯಮ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ತೆರೆಯುತ್ತಿರಲಿಲ್ಲ. ಎಂಥ ಶಿಸ್ತು ಎಂದು ನಾನು ಮೆಚ್ಚಿದೆ. ಶಿಕ್ಷಕರ ಸಭೆಯಲ್ಲಿ ಅದನ್ನೇ ಮಾದರಿಯಾಗಿ ಎತ್ತಿ ಹೇಳಿ, ಉಳಿದವರೂ ಪಾಲಿಸಬೇಕೆಂದು ಸೂಚನೆ ಕೊಟ್ಟೆ. ಕೆಲವರು ಪಾಲಿಸಿದರು ಕೂಡ. ಮೇಷ್ಟ್ರು ಆ ಸಭೆಯಲ್ಲಿ ನನ್ನ ಮುಖವನ್ನೇ ನೋಡುತ್ತ ತಲೆ ಆಡಿಸುತ್ತಿದ್ದರು.

ಶಾಲೆಗೆ ಟೀವಿ ಬಂದ ವರ್ಷ ನಿಜ ತಿಳಿಯಿತು. ಮಕ್ಕಳಿಗೂ ಶಿಕ್ಷಕರಿಗೂ ಉಪಯೋಗವಾಗಲಿ ಎಂದು ಟೀವಿಯಲ್ಲಿ ವಿಜ್ಞಾನದ ಪಾಠಗಳು ಬರುತ್ತಿದ್ದವು. ಒಂದು ದಿನ ಪಾಠದ ನಡುವೆ ಧ್ವನಿ ನಿಂತುಹೋಯಿತು, ಚಿತ್ರ ಮಾತ್ರ ಓಡುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಮಾತ್ರ ಮುಂದಿನ ಬೆಂಚಿನಲ್ಲಿ ಕುಳಿತು, ಕತ್ತು ಮುಂದೆ ಚಾಚಿ, ಮೊದಲಿನಂತೆಯೇ ನೋಡುತ್ತಿದ್ದರು. ಕೊನೆಗೆ ಒಬ್ಬ ಹುಡುಗಿ ಎದ್ದು ಅವರ ಎದುರಿಗೆ ಹೋಗಿ, ಬೆಳಕಿಗೆ ಮುಖ ತಿರುಗಿಸಿ, “ಸರ್, ಟೀವಿ ಕಾ ಆವಾಜ್ ಹೋಗಿದೆ” ಎಂದಳು. ಆಮೇಲೆ ನನ್ನನ್ನು ಕಂಡು ಅವಳ ಮುಖದ ಬಣ್ಣವೇ ಇಳಿಯಿತು. ಮಕ್ಕಳಿಗೆಲ್ಲ ಮೊದಲಿನಿಂದಲೂ ಗೊತ್ತಿತ್ತು. ಒಂದು ತಂಡ ಪಾಸಾಗಿ ಹೋಗುವಾಗ ಮುಂದಿನ ತಂಡಕ್ಕೆ ಹೇಳಿ ಹೋಗುತ್ತಿತ್ತಂತೆ.

ಅವತ್ತು ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲದಾಗ ಅವರೇ ಬಂದು ಎದುರಿಗೆ ಕೂತರು. ಕಿವಿ ಮಂದವಾಗುತ್ತ ಬಂದು ಬಹಳ ವರ್ಷಗಳಾಗಿದ್ದವು. ಕಿವಿಯ ಯಂತ್ರ ತಂದು ಜೇಬಿನಲ್ಲಿ ಇಟ್ಟುಕೊಂಡು ನೋಡಿದ್ದರು. ಬೆಂಚು ಎಳೆಯುವ ಸದ್ದು, ಕಾರ್ಖಾನೆಯ ಭೋಂಗಾದ ಕೂಗು, ಮಕ್ಕಳ ಮಾತು ಎಲ್ಲ ಒಂದೇ ಮೊರೆತವಾಗಿ ತಲೆಗೆ ಬಡಿಯಿತಂತೆ. ಕನ್ನಡವಾದರೆ ತುಟಿ ನೋಡಿದರೆ ಸಾಕು, ತಿಳಿಯುತ್ತದೆ ಎಂದರು. ಹೆಂಡತಿಗೆ ಗೊತ್ತಿದೆಯೇ ಎಂದು ಕೇಳಿದೆ.

“ಅವಳಿಗೆ ಗೊತ್ತುಂಟು ಟೀಚರೇ. ಬೈಯುವಾಗ ಆಚೆ ತಿರುಗಿ ಬೈತಾಳೆ. ಅಷ್ಟು ಒಳ್ಳೆಯವಳು ಮಾರಾಯ್ರೆ.”

ನಾನು ನಕ್ಕೆ. ಅವರು ನಗಲಿಲ್ಲ. ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಕಿವಿ ಕೇಳದ ಮೇಷ್ಟ್ರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ ಎಂದು ಕೇಳಿದರು.

ಕೆಲವು ವರ್ಷಗಳಾದ ಮೇಲೆ ಪಠ್ಯಕ್ರಮ ಬದಲಾಯಿತು. ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುವವರು ಮೇ ರಜೆಯಲ್ಲಿ ತರಬೇತಿ ಮುಗಿಸಿ ಪ್ರಮಾಣಪತ್ರ ತರಲೇಬೇಕೆಂದು ಆಡಳಿತದವರು ತೀರ್ಮಾನಿಸಿದರು. ತರಬೇತಿ ನಡೆದದ್ದು ಗ್ರಾಂಟ್ ರೋಡಿನ ಹತ್ತಿರದ ಒಂದು ಶಾಲೆಯಲ್ಲಿ, ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಮೊದಲ ದಿನ ಮುಗಿಸಿಕೊಂಡು ಮೇಷ್ಟ್ರು ನೇರವಾಗಿ ನಮ್ಮ ಮನೆಗೆ ಬಂದರು.

“ಪ್ರೊಫೆಸರ್ರು ಬೋರ್ಡಿನ ಕಡೆ ತಿರುಗಿಯೇ ಮಾತಾಡ್ತಾರೆ. ಮೇಲಿಂದ ಮೀಸೆ ಬೇರೆ. ಎಂತ ಮಾಡುವುದು?”

ಮರುದಿನ ನಾನೂ ಹೋದೆ. ಗಣಿತದವಳು, ಕೇಳಿಸಿಕೊಳ್ಳುವ ಆಸಕ್ತಿ ಇದೆ ಎಂದು ಅನುಮತಿ ಪಡೆದೆ. ಮೇಷ್ಟ್ರ ಮುಂದಿನ ಬೆಂಚಿನಲ್ಲಿ ಕುಳಿತು, ಪಾಠ ಮಾಡುವವರಿಗೆ ಅರ್ಧ ಬೆನ್ನು ಹಾಕಿ, ಅವರು ಹೇಳಿದ್ದನ್ನು ಕನ್ನಡದಲ್ಲಿ, ಸದ್ದಿಲ್ಲದೆ, ಬರೀ ತುಟಿಯಲ್ಲಿ ಹೇಳುತ್ತ ಹೋದೆ. ಪಾಠದ ವೇಗಕ್ಕೆ ನನ್ನ ತುಟಿ ಹೊಂದುತ್ತಿರಲಿಲ್ಲ. ಭೌತಶಾಸ್ತ್ರ ನನಗೆ ಎಟುಕಿದಷ್ಟೇ ಅವರಿಗೆ ತಲುಪುತ್ತಿತ್ತು. ಉಳಿದದ್ದನ್ನು ಅವರು ಪುಸ್ತಕದಿಂದ ಹೊಂದಿಸಿಕೊಳ್ಳುತ್ತಿದ್ದರು. ಮೇಡಂ, ಈ ಕಡೆ ತಿರುಗಿ ಕೂತುಕೊಳ್ಳಿ ಎಂದು ಪ್ರೊಫೆಸರು ದಿನಾ ಹೇಳುತ್ತಿದ್ದರು. ನನಗೆ ಕುತ್ತಿಗೆ ಹಿಡಿದಿದೆ ಎಂದು ದಿನಾ ಹೇಳಿದೆ. ಸಂಜೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಮೇಷ್ಟ್ರು, ನಿಮ್ಮ ಕುತ್ತಿಗೆ ಹೇಗುಂಟು ಎಂದು ಕೇಳುತ್ತಿದ್ದರು. ಆ ಮೇ ತಿಂಗಳಲ್ಲಿ ನಾವು ನಕ್ಕದ್ದು ಅಷ್ಟಕ್ಕೇ.

ಕೊನೆಯ ದಿನ ಪ್ರತಿಯೊಬ್ಬರೂ ಪರೀಕ್ಷಕರ ಎದುರಿಗೆ ಒಂದು ಪ್ರಯೋಗ ಮಾಡಿ ತೋರಿಸಿ, ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿತ್ತು. ತರಬೇತಿಯವರಿಗೆ ಮಾತ್ರ ಪ್ರವೇಶ. ಶಿಪಾಯಿ ನನ್ನನ್ನು ಬಾಗಿಲಲ್ಲೇ ತಡೆದ. ಒಳಗೆ ಮೇಷ್ಟ್ರು ತಮ್ಮ ಇಷ್ಟದ ಪ್ರಯೋಗ ತೆಗೆದುಕೊಂಡಿದ್ದರು. ಸ್ಪಿರಿಟ್ ದೀಪದ ಮೇಲೆ ಗಾಜಿನ ಫ್ಲಾಸ್ಕಿನಲ್ಲಿ ನೀರು ಕುದಿಸಿದರು. ದೀಪ ಆರಿಸಿ, ಬಾಯಿಗೆ ಬಿರಡೆ ಬಿಗಿದು, ಫ್ಲಾಸ್ಕನ್ನು ತಲೆಕೆಳಗೆ ಮಾಡಿದರು. ಕುದಿ ನಿಂತಿತು. ಮೇಲಿನಿಂದ ತಣ್ಣೀರು ಸುರಿದಾಗ ಒಳಗಿನ ನೀರು ಮತ್ತೆ ಕುದಿಯತೊಡಗಿತು. ಒಳಗಿನ ಹಬೆ ತಣಿದು ಒತ್ತಡ ಇಳಿದರೆ ಕಡಿಮೆ ಶಾಖಕ್ಕೇ ನೀರು ಕುದಿಯುತ್ತದೆ ಎಂದು ನಮ್ಮ ಮಕ್ಕಳು ನಿದ್ದೆಯಲ್ಲೂ ಹೇಳುತ್ತಿದ್ದರು. ಸಭೆ ಚಪ್ಪಾಳೆ ತಟ್ಟಿತು.

ಆಗ ಹಿಂದಿನ ಸಾಲಿನಿಂದ ಯಾರೋ, ತಣ್ಣೀರು ಸುರಿದರೆ ಏಕೆ ಕುದಿಯಿತು ಎಂದು ಕೇಳಿದರು. ಮೇಷ್ಟ್ರು ಇನ್ನೂ ಮೆಚ್ಚುಗೆಯೇ ಇರಬೇಕೆಂದು ಕೈಮುಗಿದರು. ಪ್ರಶ್ನೆ ಮತ್ತೆ ಬಂತು. ಅವರು ಮತ್ತೆ ಕೈಮುಗಿದರು. ಯಾರೋ ನಕ್ಕರು. ನಗುವ ಮುಖಗಳು ಮಾತ್ರ ಅವರಿಗೆ ಚೆನ್ನಾಗಿ ಕಾಣುತ್ತಿದ್ದವು... ಅವರು ಬಾಗಿಲ ಕಡೆ ತಿರುಗಿ ನನ್ನನ್ನು ಹುಡುಕಿದರು. ನಾನು ಹೊಸ್ತಿಲಲ್ಲಿ ನಿಂತು ಆ ಪ್ರಶ್ನೆಯನ್ನು ತುಟಿಯಲ್ಲಿ ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಅವರು ಕಣ್ಣು ಕಿರಿದು ಮಾಡಿದರು, ಒಂದು ಹೆಜ್ಜೆ ಮುಂದೆ ಬಂದರು, ತಲೆ ಅಡ್ಡಡ್ಡ ಆಡಿಸಿದರು. ಆಗ ನನಗೆ ಹೊಳೆಯಿತು. ಮೇ ತಿಂಗಳ ಬಿಸಿಲೆಲ್ಲ ನನ್ನ ಬೆನ್ನ ಹಿಂದೆ ಇತ್ತು. ಬಾಗಿಲಲ್ಲಿ ಅವರಿಗೆ ಕಾಣುತ್ತಿದ್ದದ್ದು ಒಂದು ಕಪ್ಪು ಆಕಾರ, ಮುಖವೇ ಇಲ್ಲದ್ದು.

ಕೂಗಿ ಹೇಳಿ ಪ್ರಯೋಜನವಿರಲಿಲ್ಲ. ಪರೀಕ್ಷಕರಿಗೆ ನಿಜ ಹೇಳಿದರೆ ಕೆಲಸವೇ ಹೋಗುತ್ತಿತ್ತು, ಹೇಳದಿದ್ದರೆ ಹತ್ತನೆಯ ತರಗತಿ ಕೈತಪ್ಪುತ್ತಿತ್ತು. ಶಿಪಾಯಿಯನ್ನು ದಾಟಿ ನಾನು ಒಳಗೆ ಹೋಗುವಷ್ಟರಲ್ಲಿ ಮೇಷ್ಟ್ರು ಫ್ಲಾಸ್ಕನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ವಿಷಯಜ್ಞಾನ ಸಾಲದು ಎಂದು ಶಾಲೆಗೆ ವರದಿ ಬಂತು. ನಾನು ಮುಖ್ಯೋಪಾಧ್ಯಾಯರ ಹತ್ತಿರ ವಾದಿಸಿದೆ. ಪ್ರಮಾಣಪತ್ರ ಎಲ್ಲಿ ಎಂದು ಅವರು ಕೇಳಿದರು.

ಜೂನಿನಲ್ಲಿ ವೇಳಾಪಟ್ಟಿ ಬರೆದವಳು ನಾನೇ. ಹತ್ತನೆಯ ತರಗತಿಯ ವಿಜ್ಞಾನಕ್ಕೆ ಹೊಸಬರ ಹೆಸರು, ಮೇಷ್ಟ್ರಿಗೆ ಐದನೆಯ ತರಗತಿಯ ಚಿತ್ರಕಲೆ. ಪ್ರಯೋಗಾಲಯದ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಅವರು, “ಚಿತ್ರಕ್ಕೆ ಕಿವಿ ಬೇಡ ಅಲ್ವಾ ಟೀಚರೇ, ಅದೊಂದು ಒಳ್ಳೇದಾಯ್ತು” ಎಂದರು. ನಿವೃತ್ತಿಯಾಗುವ ತನಕ ಪ್ರಯೋಗಾಲಯವಿದ್ದ ಮಾಳಿಗೆಯನ್ನು ಅವರು ಹತ್ತಲಿಲ್ಲ. ಆಮೇಲೆ ಒಮ್ಮೆ ದಹಿಸರ್‌ಗೆ ಹೋಗಿ ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಅವರು ಇರಲಿಲ್ಲ... ಕನ್ನಡ ಶಾಲೆಯೂ ಈಗಿಲ್ಲ.

ನನ್ನ ತಂಗಿಯ ಮಗಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳ ತರಬೇತಿ ಎಲ್ಲ ಫೋನಿನಲ್ಲೇ. ಜ್ವರದ ದಿನಗಳಲ್ಲಿ ನನ್ನ ಪಕ್ಕದಲ್ಲಿ ಕುಳಿತು, ನನಗೆ ತೊಂದರೆಯಾಗದಿರಲೆಂದು ಸದ್ದು ಆರಿಸಿ ನೋಡುತ್ತಿದ್ದಳು. ಒಮ್ಮೆ ನಾನು ಇಣುಕಿದೆ. ಮುಖವಿಲ್ಲ, ಎರಡು ಕೈ, ಒಂದು ಫ್ಲಾಸ್ಕು. ಸದ್ದಿಲ್ಲದೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

“ಕೆಳಗೆ ಸಬ್‌ಟೈಟಲ್ ಬರ್ತಾವೆ ನಾ ದೊಡ್ಡಮ್ಮ. ರುಕೋ, ನಿಮಗೆ ಕನ್ನಡ ಲಗಾತೀ ಹೂಂ.”

ಅವಳು ಬೆರಳಾಡಿಸಿದಳು. ಚಿತ್ರದ ಕೆಳಗೆ ಕನ್ನಡದ ಸಾಲುಗಳು ಬರತೊಡಗಿದವು. ಅಲ್ಲಲ್ಲಿ ಸೊಟ್ಟಗಿದ್ದರೂ ಅರ್ಥವಾಗುವ ಕನ್ನಡ. ಹಬೆ ತಣಿಯಿತು, ಒತ್ತಡ ಇಳಿಯಿತು, ನೀರು ಮತ್ತೆ ಕುದಿಯಿತು. ಫೋನು ನನ್ನ ಕೈಗೆ ಕೊಟ್ಟು ಅವಳು ಚಹಾ ಮಾಡಲು ಹೋದಳು.

ಓದುತ್ತ ಓದುತ್ತ ನನ್ನ ತುಟಿ ಆಡುತ್ತಿತ್ತು, ಸದ್ದಿಲ್ಲದೆ, ನಿಧಾನವಾಗಿ. ಯಾವಾಗಲೋ ನಾನು ಕಿಟಕಿಯ ಕಡೆ ಮುಖ ತಿರುಗಿಸಿದ್ದೆ. ಎದುರಿಗೆ ಖಾಲಿ ಕುರ್ಚಿ ಇತ್ತು.