ಟೇಪು ಒಣಗಿಸುವ ನೊರೀನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲ್ಡನ್‌ಷಾ ಊರಿನ ಏರುಬೀದಿಯ ಸಾಲುಮನೆಗಳ ಪೈಕಿ ಒಂದರ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ನೈಟಿಯ ಮೇಲೆ ಗಂಡನ ಉಣ್ಣೆ ಸ್ವೆಟರ್ ಏರಿಸಿಕೊಂಡ ನೊರೀನ್ ಹ್ಯಾಸ್ಲಮ್, ಹಣ್ಣು ಒಣಗಿಸುವ ಯಂತ್ರದ ಮುಚ್ಚಳ ತೆಗೆದು ಮೂಗೊಡ್ಡಿ ನಿಂತಿದ್ದಾರೆ. ಒಳಗೆ ಬೆಚ್ಚಗೆ ಮಲಗಿರುವುದು ಸೇಬಿನ ಹೋಳುಗಳಲ್ಲ, ಸಣ್ಣ ತಟ್ಟೆಯಷ್ಟು ಅಗಲದ ಒಂದು ಟೇಪಿನ ಸುರುಳಿ.

“ಮೇಣದ ಬಳಪದ ವಾಸನೆ ಹೋಯ್ತು ನೋಡಿ. ಅದು ಹೋದ್ರೆ ಹದಕ್ಕೆ ಬಂತು ಅಂತ. ಇನ್ನು ಅಂಟಲ್ಲ,” ಎನ್ನುತ್ತಾ ಸ್ವಿಚ್ ಆರಿಸುತ್ತಾರೆ. ಎದ್ದು ಬಂದ ಗಂಡ ಡೆರೆಕ್ ಟೀಗೆ ನೀರಿಡುತ್ತಾ ಗೊಣಗುತ್ತಾರೆ: “ಮಗಳು ಪ್ರೀತಿಯಿಂದ ತಂದುಕೊಟ್ಟ ಯಂತ್ರ. ಈ ಮನೇಲಿ ಇವತ್ತಿನವರೆಗೆ ಒಂದು ಸೇಬೂ ಒಣಗಿಲ್ಲ.” ಅದಕ್ಕೆ ನೊರೀನ್, “ನೀನು ಸೇಬು ತಿಂದಿದ್ದು ಯಾವಾಗ ಡೆರೆಕ್? ಸುಮ್ನೆ ಟೀ ಮಾಡು,” ಎಂದು ಬಾಯಿ ಮುಚ್ಚಿಸುತ್ತಾರೆ.

ಹಳೆಯ ವಿಡಿಯೊ ಟೇಪು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೆ ತೇವ ಹೀರಿ ಅಂಟಂಟಾಗುತ್ತದೆ. ಹಾಗೇ ಓಡಿಸಿದರೆ ಮೈಮೇಲಿನ ಕಂದು ಪುಡಿ ಕಿತ್ತುಕೊಂಡು ಬರುತ್ತದೆ, ಪುಡಿಯ ಜೊತೆಗೆ ಚಿತ್ರವೂ ಹೋಗುತ್ತದೆ. ರಾತ್ರಿಯಿಡೀ ಹದವಾದ ಬಿಸಿಯಲ್ಲಿಟ್ಟು, ಅಷ್ಟೇ ಹೊತ್ತು ಆರಲು ಬಿಟ್ಟರೆ ಕೆಲವು ದಿನ ಹೇಳಿದ ಮಾತು ಕೇಳುತ್ತದೆ. ಅಷ್ಟರೊಳಗೆ ಅದರಲ್ಲಿರುವುದನ್ನು ಇನ್ನೊಂದಕ್ಕೆ ಇಳಿಸಿಕೊಳ್ಳಬೇಕು. ಮುದ್ದು ಮಾಡಿ ಕೆಲಸ ತೆಗೆದುಕೊಳ್ಳುವ ವಿದ್ಯೆ ಇದು. ಎಪ್ಪತ್ತು ದಾಟಿದ ನೊರೀನ್‌ಗೆ ಇದಕ್ಕಾಗಿ ಯಾರೂ ಸಂಬಳ ಕೊಡುವುದಿಲ್ಲ, ಯಾವ ಫಲಕದ ಮೇಲೂ ಅವರ ಹೆಸರಿಲ್ಲ. ಆದರೂ ಊರಿನ ಮೆಥಡಿಸ್ಟ್ ಚರ್ಚಿನ ಪಕ್ಕದ ಸಭೆಯ ಹಾಲಿನಲ್ಲಿ ತಿಂಗಳಿಗೊಮ್ಮೆ ಶನಿವಾರ ಸಂಜೆ ನಡೆಯುವ ‘ಹಳೇ ಟೀವಿ ಸಂಜೆ’ಗೆ ಜನ ಊಟ ಬಿಟ್ಟು ಬರುತ್ತಾರೆಂದರೆ, ಅದರ ಹಿಂದಿರುವುದು ಈ ಅಡುಗೆಮನೆ.

ಇಷ್ಟು ಜೋಪಾನ ಮಾಡುವ ಈ ಹೆಂಗಸಿನ ಮೊದಲ ನೌಕರಿ ಏನಿತ್ತು ಅಂದರೆ ನಂಬುವುದು ಕಷ್ಟ. ಟೇಪು ಅಳಿಸುವುದು! ಶಾಲೆ ಮುಗಿಸಿದ ಹುಡುಗಿ ನೊರೀನ್ ಸೇರಿಕೊಂಡದ್ದು ಪಕ್ಕದ ನಗರದ ಟೆಲಿವಿಷನ್ ಸ್ಟೇಷನ್ನಿಗೆ. ಆಗ ಟೇಪು ಚಿನ್ನದ ಬೆಲೆಯದು. ಒಮ್ಮೆ ತೋರಿಸಿದ ಕಾರ್ಯಕ್ರಮವನ್ನು ಮತ್ತೆ ಯಾರು ನೋಡುತ್ತಾರೆ ಎಂಬ ಅಸಡ್ಡೆ ಬೇರೆ. ದೊಡ್ಡ ಅಯಸ್ಕಾಂತದ ಮೇಜಿನ ಮೇಲೆ ಸುರುಳಿಯನ್ನಿಟ್ಟು ಒಂದು ಸುತ್ತು ತಿರುಗಿಸಿದರೆ ನಾಟಕ, ಹಾಡು, ನಗು ಎಲ್ಲವೂ ಬರೀ ಗುಂಯ್ ಎನ್ನುವ ಸದ್ದಾಗಿ ಮುಗಿಯುತ್ತಿತ್ತು. ಒಂದು ದೇಶ ತನ್ನ ನೆನಪನ್ನು ತಾನೇ ಹೀಗೆ ಅಚ್ಚುಕಟ್ಟಾಗಿ ಒರೆಸಿಕೊಂಡದ್ದು ಎಂಥ ದಡ್ಡತನವೋ! ಅದಕ್ಕೆ ಸಹಿ ಹಾಕಿದ ಬುದ್ಧಿವಂತರೆಲ್ಲ ಬಡ್ತಿ ಪಡೆದು ನಿವೃತ್ತರಾದರು. ಬೈಗುಳ ಮಾತ್ರ ನೊರೀನ್ ಪಾಲಿಗೆ. ಹಾಲಿನಲ್ಲಿ ಯಾರಾದರೂ, “ಆ ಕಾರ್ಯಕ್ರಮ ಇದ್ಯಾ ನೊರೀನ್?” ಎಂದು ಕೇಳಿದರೆ ಹಿಂದಿನ ಸಾಲಿನಿಂದ, “ಅವಳನ್ನೇನು ಕೇಳ್ತೀಯ, ಅಳಿಸಿದವಳೇ ಅವಳು!” ಎಂಬ ಕೂಗು ಬಂದೇ ಬರುತ್ತದೆ. ಎಲ್ಲರೂ ನಗುತ್ತಾರೆ, ನೊರೀನೂ ನಗುತ್ತಾರೆ.

ಮದುವೆಯಾದ ಮೇಲೆ ಅವರು ಟೀವಿ ಬಾಡಿಗೆಗೆ ಕೊಡುವ ಅಂಗಡಿ ಸೇರಿದರು. ಮನೆಮನೆಗೂ ಬಾಡಿಗೆ ಟೀವಿಯೇ ಇದ್ದ ಕಾಲ ಅದು. ಗಲ್ಲಾದ ಮುಂದೆ ಕೂರಿಸಿದ್ದ ಹುಡುಗಿ ಹಿಂದಿನ ಕೋಣೆಗೆ ನುಗ್ಗಿ ರಿಪೇರಿ ಕಲಿತಳು. ಅಂಗಡಿ ಮುಚ್ಚಿದಾಗ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಹಿಡಿದರು, ನಿವೃತ್ತಿಯವರೆಗೂ ಅದನ್ನೇ ಮಾಡಿದರು. ಅಂಗಡಿಯಿಂದ ಕಸಕ್ಕೆ ಹೋಗಲಿದ್ದ ಹಳೆಯ ಟೇಪ್ ಯಂತ್ರಗಳು ಅವರ ಮನೆ ಸೇರಿದವು. ಇವತ್ತಿಗೂ ಡೆರೆಕ್ ಕಾರು ಬೀದಿಯಲ್ಲೇ ನಿಲ್ಲುತ್ತದೆ, ಏಕೆಂದರೆ ಶೆಡ್ಡಿನ ತುಂಬ ಯಂತ್ರಗಳಿವೆ.

ಟೇಪು ಇಳಿಸಿಕೊಳ್ಳುವಾಗ ನೊರೀನ್ ಪಾಲಿಸುವ ಒಂದು ವಿಚಿತ್ರ ನೇಮವಿದೆ. ಪಾತ್ರೆ ಒರೆಸುವ ಬಟ್ಟೆಯನ್ನು ಟೀವಿಯ ಪರದೆಗೆ ಅಡ್ಡ ಇಳಿಬಿಡುತ್ತಾರೆ. ಕೆಳಗೆ ಎರಡು ಬೆರಳಗಲದ ಪಟ್ಟಿ ಮಾತ್ರ ಕಾಣುತ್ತದೆ. ಟೇಪು ತಪ್ಪಿ ಓಡಿದರೆ ಗೆರೆಗಳು ಏಳುವುದು ಆ ಪಟ್ಟಿಯಲ್ಲೇ, ಅಷ್ಟು ಕಂಡರೆ ಅವರಿಗೆ ಸಾಕು. ಉಳಿದದ್ದೆಲ್ಲ ಕಿವಿಯ ಕೆಲಸ. “ಯಾರ ಟೇಪೋ ಅವರು ಮೊದಲು ನೋಡ್ಬೇಕು. ನಾನು ನೋಡಿದ್ಮೇಲೆ ಅವರು ನೋಡೋದು ಅಂದ್ರೆ ಬೇರೆಯವರ ಕಾಗದ ಒಡೆದು ಓದಿ ಕೊಟ್ಟಹಾಗೆ,” ಎನ್ನುತ್ತಾರೆ. ಡೆರೆಕ್ ಪ್ರಕಾರ ಇದು ಶುದ್ಧ ಹುಚ್ಚು.

ಈ ಬಾರಿಯ ಸುರುಳಿ ಸಿಕ್ಕಿದ್ದು ಅಧ್ಯಾಪಕರ ತರಬೇತಿ ಕಾಲೇಜೊಂದರ ಉಗ್ರಾಣದಲ್ಲಿ. ಪಾಠಕ್ಕೆ ಬರುತ್ತದೆಂದು ಯಾರೋ ಅಂದು ಟೀವಿಯಿಂದ ಹಿಡಿದಿಟ್ಟದ್ದು. ಅದರಲ್ಲಿರುವುದು ‘ಹೊರೇಸನ ಅಂಗಡಿ’ಯ ಒಂದು ಕಂತು. ಹೊರೇಸ್ ಎಂದರೆ ಒಂದು ಹೆಬ್ಬಾತು, ಕೈಗೆ ತೊಡುವ ಬೊಂಬೆ. ಬೀದಿ ಮೂಲೆಯಲ್ಲಿ ಅಂಗಡಿ ಇಟ್ಟುಕೊಂಡು, ಬಂದವರು ಏನು ಕೇಳಿದರೂ, “ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ,” ಎನ್ನುವ ಸೊಕ್ಕಿನ ಹಕ್ಕಿ. ಸುತ್ತಲ ಗಿರಣಿ ಊರುಗಳ ಮಕ್ಕಳು ಶಾಲೆಯಿಂದ ಓಡಿಬಂದು ಅದರ ಮುಂದೆ ಕೂರುತ್ತಿದ್ದರು. ಎಲ್ಲ ಕಂತುಗಳೂ ಅಳಿಸಿಹೋದವು, ಹೆಚ್ಚಿನವು ನೊರೀನ್ ಕೈಯಿಂದಲೇ. ಉಳಿದಿರುವುದು ಇದೊಂದೇ.

ಹೊರೇಸನ ಉದ್ದ ಕತ್ತಾಗಿದ್ದದ್ದು ಸಿರಿಲ್ ಬ್ರಿಯರ್ಲಿ ಎಂಬುವವರ ಬಲಗೈ. ತೊಂಬತ್ತರ ಹತ್ತಿರದ ಸಿರಿಲ್ ಈಗಲೂ ಇದೇ ಊರಿನಲ್ಲಿದ್ದಾರೆ. ಅವರು ತಮ್ಮ ಕಾರ್ಯಕ್ರಮವನ್ನು ಒಮ್ಮೆಯೂ ನೋಡಿಲ್ಲ. ನೋಡುವುದು ಹೇಗೆ? ನೇರಪ್ರಸಾರದ ಹೊತ್ತಿನಲ್ಲಿ ಅವರು ಅಂಗಡಿಯ ಮೇಜಿನ ಕೆಳಗೆ ಮಂಡಿಯೂರಿ, ಕೈ ಮೇಲೆತ್ತಿಕೊಂಡು ಕುಳಿತಿರುತ್ತಿದ್ದರು.

ಶುಕ್ರವಾರ ಟೀಗೆ ಬಂದ ಸಿರಿಲ್ ಮುಂದೆ ನೊರೀನ್ ತಮ್ಮ ಕೆಲಸದ ಅನುಮಾನವೊಂದನ್ನು ಇಟ್ಟರು. “ಸಿರಿಲ್, ಮಧ್ಯದಲ್ಲಿ ಏನೋ ಧಡಾರ್ ಅಂತ ಬೀಳತ್ತೆ. ಆಮೇಲೆ ಒಂಚೂರು ಹೊತ್ತು ಸದ್ದೇ ಇಲ್ಲ. ಟೇಪು ಅಲ್ಲಿ ಕೆಟ್ಟಿದ್ಯಾ, ಇಲ್ಲ ಅದು ಹಾಗೇನೇ ಇತ್ತಾ?”

ಸಿರಿಲ್ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೇ ಕರಗಿತು. ಅವರ ಮುಖ ನೋಡಿ ನೊರೀನ್‌ಗೆ ಗಾಬರಿಯಾಯಿತು.

“ಅದೇ ಕಂತಾ?” ಎಂದರು ಸಿರಿಲ್. “ಇಷ್ಟೊಂದರಲ್ಲಿ ಉಳಿಯೋಕೆ ಅದೇ ಬೇಕಿತ್ತಾ?”

ನಡೆದದ್ದು ಇಷ್ಟು. ಆ ದಿನ ಅಂಗಡಿಯ ಶೆಲ್ಫು ಕಳಚಿ, ಡಬ್ಬಗಳೆಲ್ಲ ಮೇಜಿನ ಹಿಂದೆ ಸಿರಿಲ್ ಬೆನ್ನ ಮೇಲೆ ಬಿದ್ದವು. ಬೆಚ್ಚಿದ ಮನುಷ್ಯ ಎದ್ದು ನಿಂತುಬಿಟ್ಟ, ಕೈಯಲ್ಲಿ ಹೆಬ್ಬಾತು ಸಮೇತ. ಇಡೀ ಸೀಮೆಯ ಮಕ್ಕಳೆದುರು. ಹೊರೇಸ್ ಎಂಬುದು ಒಬ್ಬ ಗಂಡಸಿನ ಕೈ ಎಂದು ಜಗಜ್ಜಾಹೀರಾಯಿತು. ಮಕ್ಕಳ ಕನಸನ್ನೇ ಒಡೆದುಬಿಟ್ಟೆ ಎಂದು ನಿರ್ಮಾಪಕ ಎಲ್ಲರೆದುರು ಮುಖಕ್ಕೆ ಹೊಡೆದಹಾಗೆ ಅಂದ. ಅದೇ ಬೇಸಿಗೆಯಲ್ಲಿ ಕಾರ್ಯಕ್ರಮ ನಿಂತಿತು. ಸಿರಿಲ್ ಬಸ್ ಕಂಡಕ್ಟರ್ ಆದರು. ಮತ್ತೆಂದೂ ಬೊಂಬೆ ಮುಟ್ಟಲಿಲ್ಲ. ಹೊರೇಸನನ್ನು ಕೊಂದದ್ದು ತಾನೇ ಎಂದು ಇಷ್ಟು ವರ್ಷ ಒಳಗೊಳಗೇ ಕೊರಗಿದ್ದಾರೆ. ಅದನ್ನು ಯಾರಿಗೂ ಹೇಳಿರಲಿಲ್ಲ.

“ಅಳಿಸಿಬಿಡು ಕಣಮ್ಮಾ,” ಎಂದರು. “ನಿನಗೆ ಗೊತ್ತಿರೋ ಕೆಲಸ ತಾನೇ.”

ಮಾತಿನಲ್ಲಿ ಕುಹಕವಿರಲಿಲ್ಲ, ಬೇಡಿಕೆಯಿತ್ತು. ಅದಕ್ಕೇ ನೊರೀನ್‌ಗೆ ಹೆಚ್ಚು ನಾಟಿತು. ಟೀ ಕಪ್ಪು ಕೆಳಗಿಟ್ಟು ಅವರು ಹೇಳಿದರು:

“ನಿಮ್ಮ ವಸ್ತು, ಬೇಡ ಅಂದ್ರೆ ಅಳಿಸ್ತೀನಿ. ಟೇಪೂ ಅಳಿಸ್ತೀನಿ, ಇಳಿಸಿಕೊಂಡಿದ್ದನ್ನೂ ಅಳಿಸ್ತೀನಿ, ಆಣೆ. ಆದ್ರೆ ಒಂದ್ಸಲ ನೋಡಿ ಹೇಳಿ. ಒಬ್ರೇ ನೋಡೋದಾದ್ರೆ ಈಗ್ಲೇ ಹಾಕ್ತೀನಿ, ನಾನು ಆಚೆ ಹೋಗ್ತೀನಿ.”

ಒಬ್ಬರೇ ನೋಡಲು ಸಿರಿಲ್‌ಗೆ ಧೈರ್ಯ ಬರಲಿಲ್ಲ. ನಾಳೆ ಎಲ್ಲರ ಜೊತೆಗೇ ಆಗಲಿ, ಅಲ್ಲಿಗೆ ಈ ಪೀಡೆ ಮುಗಿಯಲಿ, ಭಾನುವಾರ ಅಳಿಸು ಎಂದು ಹೇಳಿ ಕೋಲೂರಿಕೊಂಡು ಹೊರಟರು. ನೊರೀನ್ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ ಎಂಬುದು ಡೆರೆಕ್ ಹೇಳಿದ ಮಾತು. ಎಷ್ಟು ಅಳಿಸಿದ್ದೇನೆಂಬ ಲೆಕ್ಕವೇ ಇಲ್ಲದ ಕೈಗೆ ಇದೊಂದು ಭಾರವಾಗಿತ್ತು.

ಶನಿವಾರ ಐದು ಗಂಟೆಗೆಲ್ಲ ಹಾಲ್ ಜನರಿಂದ ತುಂಬಿದೆ. ಯಾರ ಕುರ್ಚಿ ಯಾವುದು ಎಂಬುದು ಬರೆಯದ ಕಾನೂನು. ತಪ್ಪಿ ಕೂತವರನ್ನು ಕಣ್ಣಲ್ಲೇ ಎಬ್ಬಿಸಲಾಗುತ್ತದೆ. ಆಲೂಗಡ್ಡೆಯ ಬಿಸಿ ಪೈ, ವಿನೆಗರಿನಲ್ಲಿ ನೆನೆಸಿದ ಕೆಂಪು ಕೋಸು, ಕೆಟಲುಗಟ್ಟಲೆ ಟೀ. ಮುಂದೆ ಮರದ ಪೆಟ್ಟಿಗೆಯ ದಪ್ಪ ಟೀವಿ. ನೊರೀನ್ ಹೊಸ ಪರದೆಗೆ ಒಪ್ಪುವುದಿಲ್ಲ. ಹಳೆಯ ಟೀವಿ ಬಿಸಿಯಾಗಿ ಚಿತ್ರ ಮೂಡುವವರೆಗೆ ಎಲ್ಲರೂ ಖಾಲಿ ಗಾಜನ್ನೇ ನೋಡುತ್ತಾ ಕೂರುತ್ತಾರೆ, ಅದೂ ಕಾರ್ಯಕ್ರಮದ ಭಾಗ. ಮೊದಲು ಕೋರಸ್ ಹಾಡು, ಆಮೇಲೆ ತೋಟಗಾರಿಕೆಯ ಪಾಠ. “ಆ ಎಲೆಕೋಸು ನೋಡು, ನಿನ್ನ ತಲೆಗಿಂತ ದೊಡ್ಡದು!” ಎಂದು ಯಾರೋ ಯಾರನ್ನೋ ಕಾಡುತ್ತಾರೆ. ಸಿರಿಲ್ ಬಾಗಿಲ ಪಕ್ಕದಲ್ಲಿ ಕೋಟು ಬಿಚ್ಚದೆ ಕುಳಿತಿದ್ದಾರೆ.

ಟೀ ವಿರಾಮದ ನಂತರ ಹೊರೇಸ್ ಬರುತ್ತಾನೆ. ಕತ್ತು ನೀಳವಾಗಿ ಎತ್ತಿ, ಕೊಕ್ಕು ವಾರೆ ಮಾಡಿ, ಸೋಪು ಕೇಳಿದ ಹೆಂಗಸಿಗೆ, “ಅದೊಂದು ಬಿಟ್ಟು...” ಎನ್ನುವಷ್ಟರಲ್ಲಿ ಅರವತ್ತು ದಾಟಿದ ಮಕ್ಕಳೆಲ್ಲ ಒಕ್ಕೊರಲಿನಿಂದ ಉಳಿದ ಮಾತು ಪೂರೈಸುತ್ತಾರೆ. ಸಿರಿಲ್ ನೆಲ ನೋಡುತ್ತಿದ್ದಾರೆ. ನೊರೀನ್ ಟೀವಿ ನೋಡುವುದು ಬಿಟ್ಟು ಸಿರಿಲ್‌ರನ್ನೇ ನೋಡುತ್ತಿದ್ದಾರೆ.

ಧಡಾರ್!

ಮೇಜಿನ ಹಿಂದಿನಿಂದ ಒಂದು ತಲೆ ಏಳುತ್ತದೆ. ಕೆದರಿದ ಕೂದಲು, ಅಗಲ ಕಿವಿಯ ಯುವಕ, ಅಂಗಿಯ ತೋಳು ಮಡಿಚಿದ್ದಾನೆ. ಹೊರೇಸ್ ನಿಧಾನವಾಗಿ ಕತ್ತು ತಿರುಗಿಸಿ ಅವನನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಯುವಕ ಹೊರೇಸನನ್ನು ನೋಡುತ್ತಾನೆ. ಅಲ್ಲಿ ಸದ್ದಿಲ್ಲ, ಹಾಲಿನಲ್ಲೂ ಸದ್ದಿಲ್ಲ.

“ಅಯ್ಯೋ, ಹೊರೇಸನ ಅಪ್ಪ!” ಎಂದು ಮುಂದಿನ ಸಾಲಿನಿಂದ ಗ್ಲೆನಿಸ್ ಕೂಗುತ್ತಾರೆ. ಊರಿನ ಅಂಚೆಕಚೇರಿಯಲ್ಲಿ ದುಡಿದು ನಿವೃತ್ತರಾದ ಗಟ್ಟಿ ಗಂಟಲಿನ ಹೆಂಗಸು.

“ಹೌದ್ಹೌದು, ಅಪ್ಪ ಬಂದಿದ್ದ ದಿನ ಇದು!” ಎಂದು ಇನ್ಯಾರೋ. ಹಾಲಿನ ತುಂಬ ಒಮ್ಮೆಲೇ ಮಾತು. ಎಲ್ಲರಿಗೂ ಆ ದಿನ ನೆನಪಿದೆ. ಮೇಜಿನ ಕೆಳಗೆ ಹೊರೇಸನ ಅಪ್ಪ ಇದ್ದಾನೆ, ಸದ್ದಾದರೆ ಎದ್ದು ಬಂದು ಮಗನನ್ನು ನೋಡಿ ಹೋಗುತ್ತಾನೆ ಎಂದು ಊರ ಮಕ್ಕಳೆಲ್ಲ ನಂಬಿದ್ದರಂತೆ. “ನಾನಂತೂ ತಿಂಗಳುಗಟ್ಟಲೆ ನಮ್ಮನೆ ಮೇಜಿನ ಕೆಳಗೆ ಬ್ರೆಡ್ಡಿನ ಅಂಚು ಇಡ್ತಿದ್ದೆ, ಅವರಪ್ಪ ಹಸ್ಕೊಂಡಿರ್ತಾನೆ ಅಂತ. ಇಲಿ ಬಂತು ಅಂತ ಅಮ್ಮ ಬೆನ್ನಿಗೆ ಬಾರಿಸಿದ್ಳು,” ಎನ್ನುತ್ತಾರೆ ಗ್ಲೆನಿಸ್. ಆಮೇಲೆ ಹಿಂದಕ್ಕೆ ತಿರುಗಿ, ಅಗಲ ಕಿವಿಗಳನ್ನು ಗುರುತು ಹಿಡಿದು, ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. “ನಮ್ಮ ಬಸ್ಸಿನ ಸಿರಿಲ್! ನೀವೇನಾ?”

ಸಿರಿಲ್ ಎದ್ದು ನಿಂತಿದ್ದಾರೆ. ಅವರ ಕಣ್ಣು ಗ್ಲೆನಿಸ್ ಮೇಲಿಲ್ಲ, ಟೀವಿಯ ಮೇಲಿದೆ. “ಅಪ್ಪನಾ?” ಎಂದು ತಮಗೇ ಕೇಳುವಷ್ಟು ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಆಮೇಲೆ ಪಕ್ಕಕ್ಕೆ ಬಂದು ನಿಂತ ನೊರೀನ್ ತೋಳು ಹಿಡಿದು, “ನೋಡಿದ್ಯಾ? ನಾನು ಗಾಬರೀಲಿ ಕಲ್ಲಾಗಿ ನಿಂತಿದೀನಿ, ಆದ್ರೆ ಕೈ ನಿಂತಿಲ್ಲ ಕಣಮ್ಮಾ. ಅವನು ನನ್ನ ಕಡೆ ತಿರುಗಿ ನೋಡ್ತಿದ್ದಾನೆ. ಅದು ನಾನು ಮಾಡಿದ್ದಲ್ಲ, ಕೈ ಮಾಡಿದ್ದು,” ಎನ್ನುತ್ತಾರೆ. ಹೇಳುತ್ತಾ ಹೇಳುತ್ತಾ ಅಳುತ್ತಾರೆ. ಹಾಲಿನಲ್ಲಿ ಅನೇಕರು ಅಳುತ್ತಿದ್ದಾರೆ, ಮುಚ್ಚಿಡುವ ಗೋಜಿಗೂ ಹೋಗದೆ.

ಕಂತು ಮುಗಿದ ಮೇಲೆ, ಮತ್ತೆ ಕುಳಿತ ಸಿರಿಲ್ ಮುಂದೆ ಬಗ್ಗಿ ನೊರೀನ್ ಕೇಳಿದ್ದು ಒಂದೇ ಪ್ರಶ್ನೆ. ಆಣೆ ಮಾಡಿದ್ದೆ, ಭಾನುವಾರ ಏನು ಮಾಡಲಿ?

“ಭಾನುವಾರದ ಮಾತು ಬಿಡು,” ಎಂದರು ಸಿರಿಲ್, ಕೋಟು ಬಿಚ್ಚುತ್ತಾ. “ಈಗ ಇನ್ನೊಂದ್ಸಲ ಹಾಕು.”

ಎಲ್ಲರೂ ಹೋದ ಮೇಲೆ ಡೆರೆಕ್ ಕುರ್ಚಿ ಮಡಿಚುತ್ತಿದ್ದಾರೆ. ನೊರೀನ್ ಸಿಂಕಿನ ಮುಂದೆ ನಿಂತು ಕಪ್ಪು ತೊಳೆಯುತ್ತಿದ್ದಾರೆ. ಇಷ್ಟು ವರ್ಷದ ಈ ಕೆಲಸದಲ್ಲಿ ಖುಷಿ ಕೊಟ್ಟದ್ದು ಯಾವುದು ಎಂದು ಕೇಳಿದರೆ, ಕಪ್ಪಿನ ಕಲೆಯನ್ನು ಬೆರಳಲ್ಲಿ ಉಜ್ಜುತ್ತಾ ಹೇಳುತ್ತಾರೆ:

“ಆಗ ನಾನು ಯಾರನ್ನೂ ಕೇಳ್ತಿರ್ಲಿಲ್ಲ, ಅಳಿಸ್ತಿದ್ದೆ. ಈ ಸಲ ಕೇಳ್ದೆ. ಅಳಿಸೋದು ಬೇಡ ಅಂದ್ರು.”